ರೇಸ್ ತಳಿಯ ಗಾಡಿಯನ್ನು ಮಂಗಳೂರಿನಿಂದ ಮಲ್ಪೆಗೆ ಓಡಿಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಗಾಡಿ ನನ್ನದಲ್ಲ. ನನ್ನ ಹೆಸರಲ್ಲಿರುವುದು ಒಂದು ಹಳೆ ಆಲ್ಟೊ, ಒಂದು ಸ್ಕೂಟರು. ಪೋರ್ಷೆ 911 ಜಿಟಿ3 ಆರ್‌ಎಸ್ ನನ್ನ ದೋಸ್ತಿಯದ್ದು. ಅವನು ಗಲ್ಫಿನಲ್ಲಿದ್ದಾನೆ, ವರ್ಷಕ್ಕೆ ಮೂರು ವಾರ ಊರಿಗೆ ಬರುತ್ತಾನೆ. ಉಳಿದ ನಲವತ್ತೊಂಬತ್ತು ವಾರ ಕೀ ನನ್ನ ಹತ್ತಿರ. ಕೇಳಿದವರು ಲಾಟರಿ ಹೊಡೆಯಿತು ಅನ್ನುತ್ತಾರೆ. ಮೊದಲ ತಿಂಗಳು ನನಗೂ ಹಾಗೇ ಅನಿಸಿತ್ತು.

ಈಚೆಗೆ ನಮ್ಮ ಕಡೆ ಇಂಥ ಗಾಡಿ ಕೊಂಡವರು, ಇಲ್ಲವೇ ನನ್ನ ಹಾಗೆ ಕೀ ಕೈಗೆ ಬಂದವರು, ಫೋನ್ ಮಾಡಿ ಕೇಳುವುದುಂಟು: "ಮಾರಾಯ್ರೆ, ನಮ್ಮ ರೋಡಲ್ಲಿ ಇದನ್ನು ಬಿಡಲಿಕ್ಕೆ ಆಗ್ತದಾ?" ಆಗುತ್ತದೆ. ಆದರೆ ಕಂಬಳದ ಕೋಣವನ್ನು ಪೇಟೆಯೊಳಗೆ ನಡೆಸಿಕೊಂಡು ಹೋದ ಹಾಗೆ. ಅದಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕಿದ್ದು ಕೆಸರಿನ ಕರೆಗೆ, ಅಂದರೆ ಓಟದ ಗದ್ದೆಗೆ, ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆಗೆ ಅಲ್ಲ. ಪೇಟೆಗೆ ತರಬೇಕು ಅಂತಿದ್ದರೆ ತಯಾರಿ ಪೂರಾ ಬೇರೆ.

ಗಾಡಿಯ ಜಾತಕ ಓದಿ

ಮ್ಯಾನುಯಲ್ ಓದದೆ ಸೀಟಿನಲ್ಲಿ ಕೂರಬೇಡಿ. ಈ ಗಾಡಿಯ ಯಾವ ಭಾಗ ರೇಸಿಗಾಗಿ ಬಂದದ್ದು ಅಂತ ಗೊತ್ತಾದರೆ, ರಸ್ತೆಯಲ್ಲಿ ಎಲ್ಲಿ ಕೈಕೊಡುತ್ತದೆ ಅಂತಲೂ ಗೊತ್ತಾಗುತ್ತದೆ.

ಆರ್‌ಎಸ್ ಹೆಸರಿನ (ಜರ್ಮನ್ನಿನ ರೆನ್‌ಸ್ಪೋರ್ಟ್, ಅಂದರೆ ರೇಸಿಂಗ್) ಕಥೆ ಹಳೆಯದು. 1972ರಲ್ಲಿ ಪೋರ್ಷೆಯವರು ಕ್ಯಾರೆರಾ ಆರ್‌ಎಸ್ 2.7 ತಂದದ್ದು ರೇಸಿನ ನಿಯಮಕ್ಕಾಗಿ. ರೇಸಿಗೆ ಇಳಿಯಬೇಕಾದರೆ ಅದೇ ಮಾದರಿಯ 500 ಗಾಡಿ ಮಾಡಬೇಕಿತ್ತು. ಕೊನೆಗೆ 1,580 ಆಯಿತು. ಈಗಿನದ್ದರಲ್ಲಿ ಟರ್ಬೊ ಇಲ್ಲದ 4 ಲೀಟರ್‌ನ ಆರು ಸಿಲಿಂಡರ್ ಎಂಜಿನ್, 525 ಕುದುರೆ ಶಕ್ತಿ, 9,000 ಆರ್‌ಪಿಎಂ. ರೇಸ್ ಗಾಡಿಯಲ್ಲಿರುವ ಹಾಗೆ ಮೂತಿಯ ನಡುವೆ ಒಂದೇ ದೊಡ್ಡ ರೇಡಿಯೇಟರ್. ಹಾಗಾಗಿ ಬೇರೆ 911ಗಳಲ್ಲಿ ಮುಂದೆ ಇರುವ ಡಿಕ್ಕಿ ಇದರಲ್ಲಿಲ್ಲ. ಮಲ್ಪೆಯಿಂದ ಒಂದು ಕಿಲೋ ಬಂಗುಡೆ ತರುತ್ತೇನೆ ಅಂದುಕೊಂಡರೆ ಅದು ನಿಮ್ಮ ಪಕ್ಕದಲ್ಲೇ ಕೂತು ಬರುತ್ತದೆ.

ಹಿಂದಿನ ಆ ದೊಡ್ಡ ರೆಕ್ಕೆ ನೋಡಿ ಜನ ಬಾಯಿ ಬಿಡುತ್ತಾರೆ. ಕಂಪನಿಯ ಲೆಕ್ಕದ ಪ್ರಕಾರ ಗಂಟೆಗೆ 200 ಕಿ.ಮೀ. ವೇಗದಲ್ಲಿ ಗಾಳಿ ಈ ಗಾಡಿಯನ್ನು 409 ಕಿಲೋ ಭಾರದಷ್ಟು ನೆಲಕ್ಕೆ ಒತ್ತುತ್ತದೆ. ಆದರೆ ವೇಗ ಅರ್ಧಕ್ಕಿಳಿದರೆ ಈ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ನೀವು ಸುರತ್ಕಲ್ ದಾಟಿ 80ರಲ್ಲಿ ಹೋಗುವಾಗ ಸಿಗುವುದು ಸುಮಾರು 65 ಕಿಲೋ. ಅಂದರೆ ಗಾಡಿಯ ಮೇಲೆ ಒಬ್ಬ ಸಾಧಾರಣ ಆಳು ಕೂತಷ್ಟು, ಅಷ್ಟೇ. ನಮ್ಮ ರಸ್ತೆಯಲ್ಲಿ ಆ ರೆಕ್ಕೆಗೂ ಮೂತಿಯ ಕೆಳಗಿನ ತುಟಿಗೂ ಕೆಲಸವೇ ಇಲ್ಲ. ಆದರೆ ಮೊದಲು ಮುರಿಯುವುದು ಆ ತುಟಿಯೇ.

ಕಾಗದಪತ್ರ

ಇದರ ಬಗ್ಗೆ ಎರಡೇ ಮಾತು. ಬೇರೆ ರಾಜ್ಯದ ನಂಬರಿನ ಗಾಡಿ ಇಲ್ಲಿ ವರ್ಷಕ್ಕಿಂತ ಜಾಸ್ತಿ ಇದ್ದರೆ ಕರ್ನಾಟಕದ ತೆರಿಗೆ ಕಟ್ಟಲೇಬೇಕು. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ ದಂಡ ಸೇರಿಸಿ ಸುಮಾರು 1.4 ಕೋಟಿ ರೂಪಾಯಿ ವಸೂಲಿ ಮಾಡಿದ್ದು ನೆನಪಿದೆ ಅಲ್ವಾ? ಇನ್ನೊಂದು ಇನ್ಶೂರೆನ್ಸು. ಎಂಜಿನ್ನಿಗೆ ನೀರು ಹೊಕ್ಕರೆ ಹಣ ಕೊಡುವ ಆಡ್-ಆನ್ ಇದೆಯಾ ನೋಡಿ. ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಂತದ್ದನ್ನು ನೋಡಿದವರಿಗೆ ಯಾಕೆ ಅಂತ ವಿವರಿಸಬೇಕಾಗಿಲ್ಲ. ರೇಸಿನಲ್ಲಿ ಆದ ಹಾನಿಗೆ ಮಾಮೂಲಿ ಪಾಲಿಸಿಯಲ್ಲಿ ಹಣ ಸಿಗುವುದಿಲ್ಲ.

ಸ್ಕೂಟರಿನಲ್ಲಿ ಸರ್ವೆ ಮಾಡಿ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮಾಡಿ.

ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟು. ಮೊದಲ ಸಲ ಗಾಡಿ ತೆಗೆದ ದಿನ ಒಂದು ಪೆಟ್ರೋಲ್ ಬಂಕಿಗೆ ನುಗ್ಗಿದೆ. ಒಳಗೆ ಹೋಗುವಾಗ ಏನೂ ಆಗಲಿಲ್ಲ. ಹೊರಬರುವ ಕಡೆ ಚರಂಡಿ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿದ್ದರು. ಅದರ ಅಂಚು ರಸ್ತೆಗಿಂತ ನಾಲ್ಕು ಬೆರಳು ಎತ್ತರ. ಚಕ್ರ ಕೆಳಗಿಳಿಯಿತು, ತುಟಿ ಅಲ್ಲೇ ನಿಂತಿತು. "ಕರ್ರ್" ಅಂತ ಒಂದು ಶಬ್ದ. ಬಂಕಿನ ಹುಡುಗ ನನಗಿಂತ ಮೊದಲು ಕಣ್ಣು ಮುಚ್ಚಿಕೊಂಡ. ಆ ಕಾರ್ಬನ್ ಫೈಬರ್ ತುಂಡಿನ ಬಿಲ್ಲು ಬಂದಾಗ ನನ್ನ ಆಲ್ಟೊ ಎಷ್ಟಕ್ಕೆ ಹೋದೀತು ಅಂತ ಮನಸ್ಸಲ್ಲೇ ಲೆಕ್ಕ ಹಾಕಿದ್ದೆ.

ಆಮೇಲೆ ಬಡಗಿಯ ಹತ್ತಿರ ಹೋಗಿ ಒಂದು ಸಾಧನ ಮಾಡಿಸಿದೆ. ಸಾಧನ ಅಂದರೆ ದೊಡ್ಡದೇನಲ್ಲ, ಒಂದು ಮರದ ರೀಪು. ಈ ಗಾಡಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,457 ಮಿ.ಮೀ., ಅಂದರೆ ಎಂಟಡಿ ಚಿಲ್ಲರೆ. ಅಷ್ಟು ದೂರಕ್ಕೆ ರೀಪಿಗೆ ಎರಡು ಕಾಲು ಹೊಡೆಸಿ. ಕಾಲಿನ ಎತ್ತರ ಗಾಡಿಯ ಹೊಟ್ಟೆಯಿಂದ ನೆಲಕ್ಕೆ ಎಷ್ಟಿದೆಯೋ ಅಷ್ಟೇ ಇರಲಿ. ಮುಂದಿನ ಕಾಲಿನಿಂದಾಚೆಗೆ ಮೂತಿ ಎಷ್ಟು ಚಾಚಿದೆಯೋ ಅಷ್ಟು ಇನ್ನೊಂದು ತುಂಡು, ತುಟಿಯ ಎತ್ತರದಲ್ಲಿ. ಬೋಲ್ಟ್ ಹಾಕಿ ಎರಡು ತುಂಡಾಗಿ ಬಿಚ್ಚುವ ಹಾಗೆ ಮಾಡಿಸಿದರೆ ಸ್ಕೂಟರಿನಲ್ಲಿ ಒಯ್ಯಬಹುದು. ನಿಮ್ಮ ಗಾಡಿ ಬೇರೆಯಾದರೆ ಅಳತೆಯೂ ಬೇರೆ. ಪುಸ್ತಕದ ಅಳತೆ ನಂಬಬೇಡಿ. ಇಬ್ಬರನ್ನು ಕೂರಿಸಿ, ಟ್ಯಾಂಕ್ ತುಂಬಿಸಿ, ಆಮೇಲೆ ಟೇಪು ಹಿಡಿಯಿರಿ.

ಈಗ ಹಿಂದೆ ಒಬ್ಬ ಹುಡುಗನನ್ನು ಕೂರಿಸಿಕೊಂಡು ದಾರಿಯುದ್ದಕ್ಕೂ ಹೋಗಿ. ಹಂಪ್ ಬಂದಲ್ಲಿ ಇಳಿದು ರೀಪನ್ನು ಅದರ ಮೇಲೆ ನಿಧಾನ ಜಾರಿಸಿ. ರೀಪು ತಾಗಿದರೆ ಗಾಡಿಯೂ ತಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾದರಿಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದ ಇರಬೇಕು. ಅಷ್ಟು ಉದ್ದಕ್ಕೆ ಹರಡಿಕೊಂಡಿದ್ದರೆ ಆನೆಯ ಬೆನ್ನಿನ ಹಾಗೆ ಇಳಿಜಾರಾಗಿ ಇರುತ್ತದೆ, ಎಷ್ಟೋ ಗಾಡಿ ಪಾರಾಗುತ್ತದೆ. ನಮ್ಮ ಒಳರಸ್ತೆಗಳಲ್ಲಿ ಇರುವುದು ತೆಂಗಿನ ಕಾಂಡ ಅಡ್ಡ ಮಲಗಿಸಿದ ಹಾಗೆ. ಅಂಥದ್ದು ಸಿಕ್ಕಿದರೆ ಆ ರಸ್ತೆಯನ್ನೇ ಬಿಟ್ಟುಬಿಡಿ.

ಜನ ಕೇಳುತ್ತಾರೆ. ಉದ್ಯಾವರದಲ್ಲಿ ಒಬ್ಬರು ಹಿರಿಯರು ನಿಂತು ನೋಡಿ, "ದಾದ ಮಾರಾಯ್ರೆ, ರಸ್ತೆ ಅಗಲ ಮಾಡ್ತಾರಾ ಪುನಃ?" ಅಂತ ಗಾಬರಿಯಿಂದ ಕೇಳಿದರು. ಅವರ ಗದ್ದೆ ರಸ್ತೆಗೆ ತಾಗಿಯೇ ಇತ್ತು. ಸಮಾಧಾನ ಮಾಡುವಷ್ಟರಲ್ಲಿ ಒಂದು ಕಾಪಿಯೂ ಆಯಿತು.

ಸರ್ವೆಯಲ್ಲಿ ಹಂಪ್ ಮಾತ್ರ ಅಲ್ಲ. ಡಾಂಬರಿನ ಅಂಚು ಎಲ್ಲಿ ಕೆಳಗೆ ಬಿದ್ದಿದೆ, ಹೊಂಡ ಮುಚ್ಚಿದಲ್ಲಿ ಜಲ್ಲಿ ಎದ್ದಿದೆಯಾ, ಸೇತುವೆಯ ಜಾಯಿಂಟು ಎಷ್ಟು ಬಾಯಿ ತೆರೆದಿದೆ, ಪೊಲೀಸರ ಬ್ಯಾರಿಕೇಡು ಎಷ್ಟು ಇಕ್ಕಟ್ಟು, ಎಲ್ಲವನ್ನೂ ಬರೆದುಕೊಳ್ಳಿ. ತಿರುಗಿಸಲು ಜಾಗ ಎಲ್ಲಿದೆ ಅಂತಲೂ ಬರೆಯಿರಿ. ದಾರಿ ಮುಚ್ಚಿದ್ದರೆ ಆಲ್ಟೊದಲ್ಲಿ ಮಣ್ಣಿಗೆ ಇಳಿದು ತಿರುಗಿಸಬಹುದು, ಇದರಲ್ಲಿ ಆಗುವುದಿಲ್ಲ.

ಮಂಗಳೂರಿನಿಂದ ಮಲ್ಪೆಗೆ ಸುಮಾರು 60 ಕಿ.ಮೀ. ನನ್ನ ಪಟ್ಟಿಯಲ್ಲಿ ಕೆಂಪು ಗೆರೆ ಬಿದ್ದದ್ದು ಮನೆಯಿಂದ ಮುಖ್ಯರಸ್ತೆ ಸೇರುವ ಮೊದಲ ಒಂದೂವರೆ ಕಿಲೋಮೀಟರಿಗೆ, ಮಲ್ಪೆಯ ಕೊನೆಯ ಒಂದು ಕಿಲೋಮೀಟರಿಗೆ. ನಡುವಿನ ಹೆದ್ದಾರಿ 66 ಅಷ್ಟು ಕಷ್ಟ ಕೊಡಲಿಲ್ಲ.

ಆಗುಂಬೆ ಕೇಳುವವರಿಗೆ ಒಂದೇ ಉತ್ತರ: ಬೇಡ. ಆ 14 ತಿರುವುಗಳು ಕಾಗದದ ಮೇಲೆ ಈ ಗಾಡಿಗೇ ಮಾಡಿಸಿದ ಹಾಗಿವೆ. ಆದರೆ ಗಾಡಿಯ ಅಗಲ 1.9 ಮೀಟರ್, ಎದುರಿಂದ ಬಸ್ಸು ಬರುತ್ತದೆ, ತಿರುವಿನಲ್ಲಿ ಮಂಗಗಳು ಕೂತಿರುತ್ತವೆ. ಸೂರ್ಯಾಸ್ತ ನೋಡಲಿಕ್ಕೆ ಬಸ್ಸೇ ಸಾಕು.

ದಿನ, ಹೊತ್ತು

ಯುರೋಪಿನ ಮಾರ್ಗದರ್ಶಿಗಳನ್ನು ಓದಿದರೆ ಟಯರ್ ತಣ್ಣಗಿದ್ದರೆ ಹಿಡಿತ ಇರುವುದಿಲ್ಲ, ಹುಷಾರು ಅಂತ ಪುಟಗಟ್ಟಲೆ ಬರೆದಿರುತ್ತಾರೆ. ನಮ್ಮಲ್ಲಿ ತಣ್ಣಗೆ ಎಲ್ಲಿಂದ ಬರಬೇಕು? ನಮ್ಮ ಸಮಸ್ಯೆ ನೀರು. ಇದಕ್ಕೆ ಹಾಕುವ ಕಪ್ 2 ಜಾತಿಯ ಟಯರಿನಲ್ಲಿ ನೀರು ಹೊರಗೆ ತಳ್ಳುವ ಗೆರೆಗಳು ಬಹಳ ಕಡಿಮೆ. ಹಿಂದಿನ ಟಯರಿನ ಅಗಲ 335 ಮಿ.ಮೀ. ಅಷ್ಟಗಲದ ನುಣ್ಣನೆ ಟಯರು ನಿಂತ ನೀರಿನ ಮೇಲೆ ದೋಣಿಯಾಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಶೆಡ್ಡಿನಲ್ಲಿ. ಅಕ್ಟೋಬರಿನ ಸಂಜೆ ಗುಡುಗನ್ನೂ ನಂಬಬೇಡಿ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆ ಕಾಲ.

ಹೊತ್ತು ಯಾವುದು? ಎಲ್ಲರೂ ಭಾನುವಾರ ನಸುಕಿಗೆ ಅನ್ನುತ್ತಾರೆ. ನಾನೂ ಹಾಗೇ ಹೊರಟಿದ್ದೆ. ಆದರೆ ಕರಾವಳಿಯ ನಸುಕು ಖಾಲಿ ಅಲ್ಲ. ನವೆಂಬರ್‌ನಿಂದ ಮೇ ತನಕ ಆಟದ ಸೀಸನ್. ರಾತ್ರಿಯಿಡೀ ಯಕ್ಷಗಾನ ನೋಡಿದವರು ಬೆಳಿಗ್ಗೆ ಐದೂವರೆ ಆರಕ್ಕೆ ಬೈಕಿನಲ್ಲಿ ತೂಕಡಿಸುತ್ತಾ ವಾಪಸು ಬರುತ್ತಾರೆ. ಅದೇ ಹೊತ್ತಿಗೆ ಮಲ್ಪೆಯಿಂದ ಮೀನಿನ ಲಾರಿಗಳು ಹೊರಟಿರುತ್ತವೆ. ಅವುಗಳ ಹಿಂದಿನಿಂದ ಮಂಜುಗಡ್ಡೆ ಕರಗಿದ ಮೀನಿನ ನೀರು ಸುರಿಯುತ್ತಾ ಹೋಗುತ್ತದೆ. ಅದು ಬರೀ ನೀರಲ್ಲ, ಜಿಡ್ಡು, ಲೋಳೆ, ಉಪ್ಪು ಎಲ್ಲ ಸೇರಿದ್ದು. ಬೈಕಿನವರಿಗೆ ಅದರ ಭಯ ಗೊತ್ತು. ಕಾಪು ದಾಟಿದ ಮೇಲೆ ಒಂದು ಕಡೆ ನಾನು ಸುಮ್ನೆ ಸ್ವಲ್ಪ ಆಕ್ಸಿಲರೇಟರ್ ಒತ್ತಿದ್ದಷ್ಟೇ, ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿಯಿತು. ಎಲೆಕ್ಟ್ರಾನಿಕ್ಸ್ ಹಿಡಿದು ನಿಲ್ಲಿಸಿತು. ಮೂಗಿಗೆ ಬಂಗುಡೆ ವಾಸನೆ ಬಂದದ್ದು ಆಮೇಲೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಲಾರಿಗಳೂ ಕಡಿಮೆ. ಆದರೆ ಆ ಎರಡು ತಿಂಗಳು ಮಳೆ. ಒಟ್ಟಿನಲ್ಲಿ ನಮ್ಮ ಹೆದ್ದಾರಿ ಪೂರ್ತಿ ಒಣಗಿರುವ ಕಾಲ ಅಂತ ಒಂದಿಲ್ಲ ಅಂತಲೇ ಇಟ್ಟುಕೊಳ್ಳಿ.

ನಾನೀಗ ಹೊರಡುವುದು ಭಾನುವಾರ ಬೆಳಿಗ್ಗೆ ಏಳೂಕಾಲಕ್ಕೆ. ಆಟದವರು ಮನೆ ಸೇರಿರುತ್ತಾರೆ, ಬಿಸಿಲು ಬಿದ್ದು ರಸ್ತೆಯ ಒದ್ದೆ ಕಲೆ ಕಣ್ಣಿಗೆ ಕಾಣುತ್ತದೆ. ಇಗರ್ಜಿಗಳ, ಅಂದರೆ ಚರ್ಚುಗಳ ಎದುರು ಪೂಜೆಗೆ ಬರುವವರ ಗಾಡಿಗಳು ಇರುತ್ತವೆ, ಅಲ್ಲಿ ನಿಧಾನ ಹೋದರಾಯಿತು.

ಪೆಟ್ರೋಲು

98 ಆಕ್ಟೇನ್ ಕೇಳುವ ಎಂಜಿನ್ ಇದು. 95ರಲ್ಲಿ ಓಡುತ್ತದೆ, ಶಕ್ತಿ ಸ್ವಲ್ಪ ಕಡಿಮೆ. ಎಕ್ಸ್‌ಪಿ100, ಪವರ್99, ಸ್ಪೀಡ್97 ಅನ್ನುವ ಹೆಚ್ಚು ಆಕ್ಟೇನಿನ ಪೆಟ್ರೋಲು ಎಲ್ಲ ಬಂಕಿನಲ್ಲೂ ಇರುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಸ್ಟಾಕ್ ಕೇಳಿ. ಎಥನಾಲ್ ಎಷ್ಟರ ತನಕ ನಡೆಯುತ್ತದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ, ಹಳೆ ಗಾಡಿಯಾದರೆ ಇನ್ನೂ ಗಮನ ಕೊಟ್ಟು ನೋಡಿ, ರಬ್ಬರ್ ಪೈಪುಗಳು ಹಾಳಾಗುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಅರ್ಧ ಟ್ಯಾಂಕ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಬಂಕಿಗೆ ಮಾತ್ರ ರೀಪು ಇಟ್ಟು ನೋಡಿದ ಮೇಲೆಯೇ ಹೋಗಿ. ಹೊರಬರುವ ದಾರಿಯನ್ನೂ.

ಹೊರಡಿ

ಸ್ಟಾರ್ಟ್ ಮಾಡುವ ಮೊದಲು ಗೇಟಿನ ಹೊರಗೆ ಯಾರಾದರೂ ಇದ್ದಾರಾ ನೋಡಿ. ಮಕ್ಕಳು ಓಡಿ ಬರುತ್ತವೆ. ಪಕ್ಕದ ಮನೆಯಲ್ಲಿ ಮಲಗಿದವರಿಗೆ ಈ ಶಬ್ದ ಸಂಗೀತ ಅಲ್ಲ, ನೆನಪಿರಲಿ. ನಿಂತಲ್ಲೇ ಹತ್ತು ನಿಮಿಷ ಗುರ್ ಗುರ್ ಅನ್ನಿಸುವುದೂ ಬೇಡ. ಒಂದು ನಿಮಿಷ ಸಾಕು, ಆಮೇಲೆ ಮೆಲ್ಲ ಹೊರಡಿ.

ಮೀಟರಿನಲ್ಲಿ ನೋಡಬೇಕಾದದ್ದು ನೀರಿನ ಬಿಸಿ ಅಲ್ಲ, ಆಯಿಲಿನ ಬಿಸಿ. ನೀರು ಬೇಗ ಬಿಸಿಯಾಗುತ್ತದೆ, ಆಯಿಲು ಹಿಂದೆ ಬೀಳುತ್ತದೆ. ಆಯಿಲು 80 ಡಿಗ್ರಿ ದಾಟುವ ತನಕ ನಾನು 3,500 ಆರ್‌ಪಿಎಂ ದಾಟುವುದಿಲ್ಲ. ಕದ್ರಿಯಿಂದ ಹೊರಟರೆ ನಂತೂರು, ಕೆಪಿಟಿ, ಕೊಟ್ಟಾರ ಚೌಕಿ ಕಳೆದು ಕೂಳೂರು ಸೇತುವೆ ಬರುವ ಹೊತ್ತಿಗೆ ಸರಿಯಾಗುತ್ತದೆ. ಆ ಟ್ರಾಫಿಕ್ಕಿನಲ್ಲಿ ಹೇಗೂ ಬೇರೆ ಗತಿ ಇಲ್ಲ.

ಮೂತಿ ಎತ್ತುವ ಬಟನ್ ಇದ್ದರೆ ಹಂಪ್ ಬರುವ ಮೊದಲೇ ಒತ್ತಿ, ಮೇಲೆ ಬಂದದ್ದು ಖಾತ್ರಿಯಾದ ಮೇಲೆ ಮುಂದೆ ಹೋಗಿ. ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ ಏಳುವುದು, ಅದೂ ಮುಂದೆ ಮಾತ್ರ. ಹೊಟ್ಟೆ ತಾಗುವ ಹಂಪಿಗೆ ಅದರಿಂದ ದೊಡ್ಡ ಉಪಕಾರ ಇಲ್ಲ. ರ‍್ಯಾಂಪ್ ಹತ್ತುವಾಗ ಇಳಿಯುವಾಗ ಓರೆಯಾಗಿ ಹೋಗಿ, ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ. ಬಿಲ್ಲು ಅವನು ಕಟ್ಟುವುದಿಲ್ಲ.

ಹಳೆ ಫೆರಾರಿ, ಲಂಬೋರ್ಗಿನಿಗಳಲ್ಲಿ ಒಂದೇ ಕ್ಲಚ್ಚಿನ ಆಟೊ ಗೇರ್ ಇರುತ್ತದೆ. ಅಂಥದ್ದಾದರೆ ಲೈಟ್‌ಹೌಸ್ ಹಿಲ್‌ನಂಥ ಏರಿನಲ್ಲಿ ಇಂಚಿಂಚೇ ತೆವಳಬೇಡಿ, ಕ್ಲಚ್ ಸುಟ್ಟು ಹೋಗುತ್ತದೆ. ಮುಂದಿನ ಗಾಡಿ ಪೂರ್ತಿ ಹೋಗಲಿ, ಆಮೇಲೆ ಒಂದೇ ಸಲ ಹೊರಡಿ. ನಿಂತಾಗ ನ್ಯೂಟ್ರಲ್.

ಹೆದ್ದಾರಿಯಲ್ಲಿ

ಬೈಕಂಪಾಡಿ ತನಕ ಟ್ಯಾಂಕರುಗಳ ರಾಜ್ಯ. ಟ್ಯಾಂಕರಿನ ಪಕ್ಕದಲ್ಲಿ ನಿಲ್ಲಬೇಡಿ, ಅವನ ಕನ್ನಡಿಯಲ್ಲಿ ನಿಮ್ಮ ಗಾಡಿ ಕಾಣುವುದೇ ಇಲ್ಲ. ಅಷ್ಟು ತಗ್ಗು.

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ 100, ಬೋರ್ಡಿನಲ್ಲಿ ಕಡಿಮೆ ಬರೆದಿದ್ದರೆ ಅಷ್ಟೇ. ಈ ಗಾಡಿ ಎರಡನೇ ಗೇರಿನಲ್ಲೇ ಅದನ್ನು ದಾಟುತ್ತದೆ. ನಿಂತಲ್ಲಿಂದ 100ಕ್ಕೆ 3.2 ಸೆಕೆಂಡು. ಮೂಲ್ಕಿಯಲ್ಲಿ ಮೀಡಿಯನ್ ಸಂದಿನಿಂದ ಅಡ್ಡ ಬರುವ ಸ್ಕೂಟರಿನವರು ನಿಮ್ಮನ್ನು ದೂರದಲ್ಲಿ ನೋಡಿ, ಒಂದು ಕಾರು ಇಷ್ಟು ಹೊತ್ತಿಗೆ ಬರುತ್ತದೆ ಅಂತ ಅಭ್ಯಾಸದ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಆಲ್ಟೊಗೆ ಸರಿ. ನೀವು ಅದಕ್ಕಿಂತ ಬೇಗ ಬಂದರೆ ತಪ್ಪು ಅವರದ್ದಲ್ಲ. ಸರ್ವಿಸ್ ರೋಡಿನಿಂದ ಎದುರು ಬರುವವರೂ ಇದ್ದಾರೆ.

ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರೆ ಒದ್ದೆಯಾದಾಗ ಮೊದಲ ಒತ್ತಿಗೆ ಹಿಡಿತ ತಡವಾಗಬಹುದು. ದಾರಿಯಲ್ಲಿ ಮಳೆ ಹನಿದರೆ ಆಗಾಗ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಜೋರು ಮಳೆ ಬಂದರೆ ಹೋಟೆಲು ನೋಡಿ ನಿಲ್ಲಿಸಿ. ಒಂದು ಪ್ಲೇಟು ಗೋಳಿಬಜೆ ಮುಗಿಯುವಷ್ಟರಲ್ಲಿ ಅಕಾಲದ ಮಳೆ ಬಿಡುತ್ತದೆ.

ಇನ್ನು ಬೈಕಿನ ಹುಡುಗರು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೊಬೈಲು. ವೇಗ ಜಾಸ್ತಿ ಮಾಡಿ ತಪ್ಪಿಸಿಕೊಳ್ಳಲು ನೋಡಿದರೆ ಅವರೂ ಜಾಸ್ತಿ ಮಾಡುತ್ತಾರೆ. ಅದಕ್ಕೆ ನಾನು ನಿಧಾನ ಮಾಡಿ, ಸುರಕ್ಷಿತ ಜಾಗ ನೋಡಿ, ಎಡಕ್ಕೆ ಪೂರ್ತಿ ನಿಲ್ಲಿಸಿಬಿಡುತ್ತೇನೆ. "ತೆಗಿರಿ, ಚಂದ ಮಾಡಿ ತೆಗಿರಿ." ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎಕ್ಸ್‌ಪ್ರೆಸ್ ಬಸ್ಸಿನವರ ಜೊತೆ ಪಂಥ ಬೇಡ. ಅವರಿಗೆ ಟೈಮಿಂಗ್ಸ್ ಇದೆ, ನಿಮಗೆ ಇಲ್ಲ. ರಸ್ತೆಯಲ್ಲಿ ರೇಸು ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂನಲ್ಲಿ ದಂಡವೂ ಉಂಟು, ಜೈಲೂ ಉಂಟು. ನಿಜವಾಗಿ ಓಡಿಸಬೇಕು ಅಂತಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೈಯ ಟ್ರ್ಯಾಕ್ ಇದೆ. ಲಾರಿಯಲ್ಲಿ ಹಾಕಿಕೊಂಡು ಹೋಗಿ. ಕಂಬಳಕ್ಕೆ ಕೋಣಗಳೂ ಲಾರಿಯಲ್ಲೇ ಹೋಗುವುದು.

ಪಂಕ್ಚರ್ ಆದರೆ

ಸ್ಟೆಪ್ನಿ ಇಲ್ಲ. ಪ್ರತಿ ಚಕ್ರಕ್ಕೆ ಒಂದೇ ದೊಡ್ಡ ನಟ್ಟು, ಅದನ್ನು ಬಿಗಿಯುವುದು 600 ನ್ಯೂಟನ್ ಮೀಟರಿಗೆ. ಅಂದರೆ ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ 60 ಕಿಲೋ ತೂಕ ನೇತುಹಾಕಿದಷ್ಟು. ಪಡುಬಿದ್ರಿಯ ಪಂಕ್ಚರ್ ಅಂಗಡಿಯವರಿಗೆ ಒಮ್ಮೆ ಸುಮ್ನೆ ತೋರಿಸಿದ್ದೆ. ಅವರು ಕುಕ್ಕರಗಾಲಲ್ಲಿ ಕೂತು ನಟ್ಟಿಗೆ ಎರಡು ಸಲ ಬೆರಳಿಂದ ತಟ್ಟಿ, ತಮ್ಮ ಸ್ಪ್ಯಾನರುಗಳ ಡಬ್ಬಿ ನೋಡಿ, "ಇದಕ್ಕೆ ನಾನಲ್ಲ, ಭೂತವೇ ಬರಬೇಕು" ಅಂದರು. ಹಾಗಾಗಿ ಆ ನಟ್ಟಿನ ಸಾಕೆಟ್, ಪಂಕ್ಚರ್ ಮುಚ್ಚುವ ಸೀಲಂಟ್, ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಎಳೆಯುವ ಕೊಕ್ಕೆ ಸದಾ ಗಾಡಿಯಲ್ಲಿರಲಿ. ಸೀಲಂಟಿಗೆ ಬಗ್ಗದಿದ್ದರೆ ಫ್ಲಾಟ್‌ಬೆಡ್ ಲಾರಿಗೇ ಫೋನ್ ಮಾಡಿ. ಮುಂದಿನ ಚಕ್ರ ಎತ್ತಿ ಎಳೆದೊಯ್ಯುವ ಕ್ರೇನು ಹತ್ತಿರವೂ ಬರಬಾರದು. ಲಾರಿಯ ಇಳಿಜಾರಿಗೂ ತುಟಿ ತಾಗುತ್ತದೆ, ಎರಡು ಉದ್ದ ಹಲಗೆ ತರಲು ಹೇಳಿ.

ಮಲ್ಪೆ ಮುಟ್ಟಿದ ಮೇಲೆ

ಬೀಚಿನ ಮರಳಿಗೆ ಇಳಿಸಬೇಡಿ, ಫೋಟೊ ಎಷ್ಟೇ ಚಂದ ಬಂದರೂ. ದೂರದಲ್ಲಿ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ನಡೆದು ಹೋಗಿ. ಇಳಿಯುವುದೇ ಒಂದು ಕಸರತ್ತು. ದೋಸ್ತಿಯ ಅಮ್ಮ ಒಮ್ಮೆ ಆ ಕಾರ್ಬನ್ ಸೀಟಿನಲ್ಲಿ ಕೂತವರು, "ಇದರಲ್ಲಿ ಕೂರುವುದಲ್ಲ ಮಗಾ, ಬೀಳುವುದು" ಅಂದಿದ್ದರು. ಎಬ್ಬಿಸಲು ಇಬ್ಬರು ಬೇಕಾಯಿತು.

ಮನೆಗೆ ಬಂದ ದಿನವೇ ಗಾಡಿಯ ಅಡಿಗೆ ಸಿಹಿನೀರು ಹೊಡೆಯಿರಿ, ಬ್ರೇಕ್ ಆರಿದ ಮೇಲೆ. ಸೆರಾಮಿಕ್ ಡಿಸ್ಕಿಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಬೋಲ್ಟು, ಕ್ಲಿಪ್ಪುಗಳಿಗೆ ಕಡಲಗಾಳಿಯ ಉಪ್ಪು ಬಿಡುವುದಿಲ್ಲ. ಮೆಗ್ನೀಸಿಯಂ ಚಕ್ರ ಇದ್ದವರು ಇನ್ನೂ ಹುಷಾರಾಗಿರಬೇಕು. ಪೇಂಟಿನಲ್ಲಿ ಸಣ್ಣ ಗೀರು ಬಿದ್ದರೂ ಅಲ್ಲಿಂದ ಬಿಳಿ ಹುಡಿ ಏಳುತ್ತದೆ. ಗಾಳಿಯಾಡುವ ಬಟ್ಟೆಯ ಕವರೇ ಹಾಕಿ, ಪ್ಲಾಸ್ಟಿಕ್ ಬೇಡ. ನಿಂತ ಗಾಡಿಯ ಬ್ಯಾಟರಿ ಇಳಿಯದ ಹಾಗೆ ಟೆಂಡರ್ ಚಾರ್ಜರ್ ಸಿಕ್ಕಿಸಿ. ಇಲಿಗೆ ಬೋನು ಇಡಿ. ಒಂದು ಜುಲೈಯಲ್ಲಿ ಇಲಿಯೊಂದು ಎಂಜಿನ್ ಹತ್ತಿರ ತೆಂಗಿನ ನಾರಿನ ಗೂಡು ಕಟ್ಟಿತ್ತು.

ಕೊನೆಗೆ ನೆಲಕ್ಕೆ ಒಂದು ಗೋಣಿ ಹಾಸಿ ಮಲಗಿ, ಮೊಬೈಲ್ ಟಾರ್ಚ್ ಹಾಕಿ ತುಟಿಯ ಅಡಿಭಾಗವನ್ನು ಎಡದಿಂದ ಬಲಕ್ಕೆ ನೋಡಿ. ಫೋಟೊ ತೆಗೆದು ತಾರೀಕು ಬರೆದಿಡಿ. ನಾನು ಅದನ್ನು ದೋಸ್ತಿಗೆ ಕಳಿಸುತ್ತೇನೆ. ಅವನು ಗಾಡಿ ಹೇಗೆ ಓಡಿತು ಅಂತ ಈ ತನಕ ಕೇಳಿದ್ದಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿ, ಬಲಗಡೆ ಮೂಲೆಗೆ ಒಂದು ಕೆಂಪು ವೃತ್ತ ಹಾಕಿ ವಾಪಸು ಕಳಿಸುತ್ತಾನೆ: "ಇದು ಹಳೆಯದಾ, ಹೊಸದಾ?"